ಹೊಗೆ ಬಂದದ್ದೇ ತಡ, ಟರ್ಬೊ ಬದಲಿಸಬೇಕೇ?

ಅಡಿಕೆ ಮರದ ಸೋಗೆ ಹಳದಿಯಾದರೆ ನಾವು ಕೂಡಲೇ ಮರ ಕಡಿಯುವುದಿಲ್ಲ. ಬುಡದಲ್ಲಿ ನೀರು ನಿಂತಿದೆಯೇ, ಬೇರುಹುಳದ ಕಾಟವೇ, ಗೊಬ್ಬರ ಸಾಲದೆ ಹೋಯಿತೇ, ಅಥವಾ ಹಳದಿ ಎಲೆ ರೋಗವೇ ಬಂತೇ ಎಂದು ಒಂದೊಂದಾಗಿ ನೋಡುತ್ತೇವೆ. ಪಕ್ಕದ ತೋಟದವರನ್ನು ಕೇಳುತ್ತೇವೆ. ಹಳದಿ ಎಂಬುದು ಬರೀ ಲಕ್ಷಣ, ಕಾರಣ ಬೇರೆ ಇರುತ್ತದೆ ಎಂಬುದು ತೋಟದಲ್ಲಿ ಬೆಳೆದ ಮಕ್ಕಳಿಗೂ ಗೊತ್ತು.

ವಾಹನದ ಹೊಗೆಯೂ ಅಂಥದೇ ಒಂದು ಲಕ್ಷಣ. ಇಲ್ಲಿ ಮಾತ್ರ ನಮ್ಮ ನಡವಳಿಕೆ ಬೇರೆ. ಸೈಲೆನ್ಸರಿನಲ್ಲಿ ನಾಲ್ಕು ದಿನ ಹೊಗೆ ಕಂಡರೆ ಗಾಡಿಯನ್ನು ಗ್ಯಾರೇಜಿಗೆ ಬಿಡುತ್ತೇವೆ. "ಟರ್ಬೊ ಹೋಗಿದೆ" ಎನ್ನುತ್ತಾರೆ. "ಹೌದಾ, ಹಾಗಾದ್ರೆ ಹಾಕಿ" ಎನ್ನುತ್ತೇವೆ. ಒಣಗಿಸಿ ಸುಲಿದು ಇಟ್ಟ ಅಡಿಕೆಯ ದುಡ್ಡು ಅಲ್ಲಿಗೆ ಹೋಯಿತು. ಎರಡು ತಿಂಗಳಲ್ಲಿ ಹೊಸ ಟರ್ಬೊದಲ್ಲೂ ಅದೇ ಹೊಗೆ ಶುರುವಾದರೆ "ಎಂಜಿನ್ನೇ ಬಿಚ್ಚಬೇಕಾಗ್ತದೆ" ಎಂಬ ಎರಡನೇ ತೀರ್ಪು ಬರುತ್ತದೆ. ನಮ್ಮ ಸುತ್ತಿನ ಮನೆಗಳಲ್ಲೇ ಇಂಥದ್ದು ಒಂದಕ್ಕಿಂತ ಹೆಚ್ಚು ಸಲ ನಡೆದದ್ದನ್ನು ಕಂಡಿದ್ದೇನೆ.

ನನ್ನ ಅಭಿಪ್ರಾಯ ನೇರ ಹೇಳಿಬಿಡುತ್ತೇನೆ. ಹೊಗೆಯ ಕಾರಣ ತೋರಿಸಿಕೊಡದೆ ಟರ್ಬೊ ಬದಲಿಸಲು ನಾವು ಒಪ್ಪಬಾರದು. ಆ ಕಾರಣ ಕೇಳುವಷ್ಟು ತಿಳಿವಳಿಕೆ ನಮ್ಮಲ್ಲಿ ಇರಬೇಕು. ಅದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಪಂಪುಸೆಟ್ಟು ಬಿಚ್ಚಿ ಜೋಡಿಸುವ ನಮ್ಮವರಿಗೆ ಇದು ಅರ್ಧ ಗಂಟೆಯ ಪಾಠ.

ಟರ್ಬೊ ಎಂದರೆ ಇಷ್ಟೆ

ಹಿಂದಿನ ಜೀಪು, ಡೀಸೆಲ್ ಪಂಪುಗಳ ಎಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು. ಟರ್ಬೊ ಇರುವ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಹೊರಹೋಗುವ ಬಿಸಿ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಎಂಜಿನ್ನಿಗೆ ದೂಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ಅಂಗಳಕ್ಕೆ ಬಂದದ್ದು ಬಹಳ ತಡವಾಗಿ. ಇಂದು ಮಾರಾಟವಾಗುವ ಡೀಸೆಲ್ ಕಾರು, ಜೀಪು, ಪಿಕಪ್ಪುಗಳಲ್ಲಿ ಟರ್ಬೊ ಇಲ್ಲದ್ದು ಸಿಗುವುದೇ ಕಷ್ಟ. ಸಣ್ಣ ಪೆಟ್ರೋಲ್ ಕಾರುಗಳಲ್ಲೂ ಈಗ ಉಂಟು.

ಬಾವಿಯ ಪಂಪಿನ ಮೋಟಾರು ನಿಮಿಷಕ್ಕೆ ಸುಮಾರು ೨೮೮೦ ಸುತ್ತು ತಿರುಗುತ್ತದೆ. ಕಾರಿನ ಟರ್ಬೊ ಲಕ್ಷ ಸುತ್ತು ದಾಟುತ್ತದೆ. ಇಷ್ಟು ವೇಗದ ಶಾಫ್ಟು ಬೇರಿಂಗಿನ ಮೇಲೆ ನೇರ ಕೂತರೆ ಕ್ಷಣದಲ್ಲಿ ಸುಟ್ಟೀತು. ಅದು ತಿರುಗುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ ತೇಲುತ್ತಾ. ಆಯಿಲ್ ಸಪೂರ ಪೈಪಿನಲ್ಲಿ ಒತ್ತಡದಿಂದ ಬರುತ್ತದೆ, ಕೆಳಗಿನ ದಪ್ಪ ಪೈಪಿನಲ್ಲಿ ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ನಿನ ತಳಕ್ಕೆ ಸೇರುತ್ತದೆ.

ಇಲ್ಲೊಂದು ಗುಟ್ಟು ಉಂಟು. "ಟರ್ಬೊ ಸೀಲು ಹೋಗಿದೆ" ಎಂದರೆ ನಾವು ಪಂಪಿನ ರಬ್ಬರ್ ಸೀಲಿನ ಹಾಗೆ ಎಂದುಕೊಳ್ಳುತ್ತೇವೆ. ಟರ್ಬೊದ ಶಾಫ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಪಿಸ್ಟನ್ ರಿಂಗಿನಂಥ ಪುಟ್ಟ ಲೋಹದ ಬಳೆಗಳು. ಎರಡೂ ಬದಿಯಿಂದ ಗಾಳಿ ಮತ್ತು ಹೊಗೆಯ ಒತ್ತಡ ಇರುವುದರಿಂದ ಆಯಿಲ್ ಒಳಗೇ ನಿಲ್ಲುತ್ತದೆ, ಕೆಳಗೆ ಇಳಿಯುತ್ತದೆ. ಇಳಿಯುವ ದಾರಿ ಕಟ್ಟಿತೆಂದರೆ, ಸೀಲು ಎಷ್ಟೇ ಹೊಸದಿರಲಿ, ಆಯಿಲ್ ಬದಿಗೆ ಉಕ್ಕುತ್ತದೆ. ಬಸಿಗಾಲುವೆ ಮುಚ್ಚಿದರೆ ತೋಟದಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ. ಕಾಲುವೆ ಬಿಡಿಸದೆ ಸಸಿ ಬದಲಿಸಿದರೆ ಹೊಸ ಸಸಿಯೂ ಕೊಳೆಯುತ್ತದೆ. ಹೊಸ ಟರ್ಬೊ ಎರಡೇ ತಿಂಗಳಲ್ಲಿ ಹೊಗೆಯಾಡುವ ಕಥೆ ಹಲವು ಸಲ ಇದೇ.

ಬಣ್ಣಕ್ಕಿಂತ ಮೊದಲು ಹೊತ್ತು ನೋಡಿ

ಹೊಗೆ ಯಾವಾಗ ಬರುತ್ತದೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರವೇ? ನಿಂತಲ್ಲೇ ಐದು ನಿಮಿಷ ಓಡಿಸಿ ಆಮೇಲೆ ರೇಸ್ ಮಾಡಿದಾಗಲೇ? ಘಾಟಿ ಹತ್ತುವಾಗಲೇ, ಕಾಲು ತೆಗೆದು ಇಳಿದು ಮತ್ತೆ ಆಕ್ಸಿಲರೇಟರ್ ತುಳಿದಾಗಲೇ? ಅಥವಾ ಯಾವಾಗಲೂ ಉಂಟೇ?

ಗ್ಯಾರೇಜಿನವರಿಗೆ ನಮ್ಮ ಗಾಡಿ ಸಿಗುವುದು ಹತ್ತು ನಿಮಿಷ. ನಾವು ಅದರ ಜೊತೆ ವರ್ಷಗಟ್ಟಲೆ ಇರುತ್ತೇವೆ. ಈ ಪ್ರಶ್ನೆಗಳಿಗೆ ಉತ್ತರ ನಮ್ಮಲ್ಲೇ ಇರುವುದು. ಹಿಂದೆ ಬರುವ ಗಾಡಿಯವರಿಗೆ ನಮ್ಮ ಹೊಗೆ ಚೆನ್ನಾಗಿ ಕಾಣುತ್ತದೆ, ಅವರನ್ನೂ ಕೇಳಬಹುದು. ಒಂದು ವಾರ ನೋಡಿ ಡೈರಿಯಲ್ಲಿ ಬರೆದಿಟ್ಟು ಆ ಹಾಳೆಯನ್ನೇ ಮೆಕ್ಯಾನಿಕ್ಕಿಗೆ ಕೊಡಿ. ಅರ್ಧ ಕೆಲಸ ಆದ ಹಾಗೆ.

ಕಪ್ಪು ಹೊಗೆ

ಒಲೆಗೆ ಸೌದೆ ತುಂಬಿಸಿ ಗಾಳಿಗೆ ಜಾಗ ಬಿಡದಿದ್ದರೆ ಹೊಗೆ ಸುತ್ತುತ್ತದೆ. ಕಪ್ಪು ಹೊಗೆಯ ಅರ್ಥವೂ ಅಷ್ಟೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಗಾಳಿ ಯಾಕೆ ಕಡಿಮೆಯಾಯಿತು ಎಂದು ಸುಲಭದ್ದರಿಂದ ಶುರುಮಾಡಿ ಹುಡುಕಬೇಕು.

ಮೊದಲು ಏರ್ ಫಿಲ್ಟರ್. ಮಣ್ಣು ರಸ್ತೆಯಲ್ಲಿ ಓಡುವ ನಮ್ಮ ಗಾಡಿಗಳಿಗೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರು ಲೆಕ್ಕ ಸಾಲದು. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಫಿಲ್ಟರಿನ ಪೆಟ್ಟಿಗೆ ಒಳಗೆ ಇಲಿ ಗೂಡು ಕಟ್ಟಿರುವುದೂ ಉಂಟು. ಗಾಡಿ ನಿಲ್ಲಿಸುವುದು ಹೆಚ್ಚಾಗಿ ಅಡಿಕೆ, ಹಿಂಡಿ ಇಡುವ ಕೊಟ್ಟಿಗೆ ಬದಿಯಲ್ಲೇ ಅಲ್ಲವೇ?

ಎರಡನೆಯದು ಗಾಳಿಯ ಪೈಪು. ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ದಪ್ಪ ರಬ್ಬರ್ ಪೈಪುಗಳು ಹೋಗುತ್ತವೆ. ಪೈಪು ಒಡೆದರೆ, ಕ್ಲಿಪ್ಪು ಸಡಿಲವಾದರೆ ಒತ್ತಿದ ಗಾಳಿ ಬದಿಯಲ್ಲೇ ಹೋಗುತ್ತದೆ. ಏರು ಹತ್ತುವಾಗ ಎಳೆತ ಕಡಿಮೆ, ಕಪ್ಪು ಹೊಗೆ, 'ಸುಸ್' ಎಂಬ ಶಬ್ದ. ಈ ಮೂರೂ ಒಟ್ಟಿಗೆ ಬಂದರೆ ಮೊದಲ ಸಂಶಯ ಪೈಪಿನ ಮೇಲೆ ಇರಲಿ. ಸೀಳು ಹೆಚ್ಚಾಗಿ ಪೈಪಿನ ಅಡಿಭಾಗದಲ್ಲಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಎಂಜಿನ್ ತಣಿದ ಮೇಲೆ ಕೈಯಾಡಿಸಿ ನೋಡಬೇಕು. ಹೊರಗಡೆ ಆಯಿಲ್ ಪಸೆ ಹಿಡಿದ ಜಾಗವಿದ್ದರೆ ಗಾಳಿ ಸೋರುವುದು ಅಲ್ಲೇ ಇರಬಹುದು.

ಇವೆರಡೂ ಸರಿಯಿದ್ದರೆ ಆಮೇಲೆ ಮಸಿ ಹಿಡಿದು ತೆರೆದೇ ಉಳಿದ ಇಜಿಆರ್ ವಾಲ್ವ್, ಸೋರುವ ಇಂಜೆಕ್ಟರ್, ಟರ್ಬೊ ಒಳಗೆ ಮಸಿಯಿಂದ ಅಂಟಿಕೊಂಡ ರೆಕ್ಕೆಗಳು ಎಂದು ಮುಂದೆ ಹೋಗಬೇಕು. ಇದಕ್ಕೆಲ್ಲ ಸ್ಕ್ಯಾನರ್ ಇರುವ, ಕೆಲಸ ಗೊತ್ತಿರುವ ಜಾಗ ಬೇಕು.

ಒಂದು ಮಾತು ನೆನಪಿರಲಿ. ೨೦೨೦ರ ಏಪ್ರಿಲ್ ೧ರಿಂದ ದೇಶದಲ್ಲಿ ಮಾರಿದ ಹೊಸ ಗಾಡಿಗಳು ಬಿಎಸ್-೬ ದರ್ಜೆಯವು. ಅಂಥ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರು ಇರುತ್ತದೆ. ಅದು ಸರಿಯಿದ್ದರೆ ಹೊರಗೆ ಕಪ್ಪು ಹೊಗೆ ಕಾಣಲೇಬಾರದು. ಕಂಡರೆ ಫಿಲ್ಟರು ಒಡೆದಿದೆ, ಇಲ್ಲವೇ ಯಾರೋ ತೆಗೆದಿದ್ದಾರೆ. ಹಳೆ ಗಾಡಿ ಕೊಳ್ಳುವವರು ಇದನ್ನೊಂದು ಪರೀಕ್ಷೆಯಾಗಿ ಇಟ್ಟುಕೊಳ್ಳಬಹುದು. ಸೈಲೆನ್ಸರ್ ಪೈಪಿನ ಒಳಗೆ ಬೆರಳಾಡಿಸಿ, ದಪ್ಪ ಮಸಿ ಹತ್ತಿದರೆ ಕಾರಣ ಕೇಳಿ.

ನೀಲಿ ಹೊಗೆ

ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಸೈಲೆನ್ಸರಿನ ಬಾಯಿಗೆ ಸ್ವಲ್ಪ ದೂರದಲ್ಲಿ ಒಂದು ಬಿಳಿ ಬಟ್ಟೆ ಹಿಡಿದರೆ ಒಣ ಮಸಿಯೋ, ಆಯಿಲಿನ ಪಸೆಯೋ ಎಂದು ಗೊತ್ತಾಗುತ್ತದೆ. ಆಯಿಲ್ ಒಳಗೆ ಹೋಗಲು ದಾರಿ ನಾಲ್ಕೈದು ಉಂಟು. ಟರ್ಬೊ ಅದರಲ್ಲಿ ಒಂದು ಮಾತ್ರ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಸ್ಸೆಂದು ನೀಲಿ ಬಂದು ನಿಂತರೆ, ಅಥವಾ ಇಳಿಜಾರಿನಲ್ಲಿ ಕಾಲು ತೆಗೆದು ಬಂದು ಮತ್ತೆ ತುಳಿದಾಗ ಬಂದರೆ, ವಾಲ್ವ್ ಸೀಲುಗಳ ಮೇಲೆ ಸಂಶಯ. ಏರು ಹತ್ತುವಾಗ, ಭಾರ ಎಳೆಯುವಾಗ ಬಿಡದೆ ಬಂದರೆ, ಜೊತೆಗೆ ಎಳೆತವೂ ಕಡಿಮೆಯಾಗಿದ್ದರೆ, ಪಿಸ್ಟನ್ ರಿಂಗು ಸವೆದಿರಬಹುದು. ನಿಂತಲ್ಲೇ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ರೇಸ್ ಮಾಡಿದಾಗ ದಟ್ಟವಾಗಿ ಬಂದರೆ ಟರ್ಬೊ ಕಡೆಗೂ ನೋಡಬೇಕು. ಇವು ದಾರಿ ತೋರಿಸುವ ಗುರುತುಗಳು, ತೀರ್ಪಲ್ಲ. ಒಂದರ ಲಕ್ಷಣ ಇನ್ನೊಂದರೊಳಗೆ ಸೇರಿಕೊಳ್ಳುವುದುಂಟು.

ಟರ್ಬೊ ಎಂದು ಸಂಶಯ ಬಂದಾಗ ನೋಡಬೇಕಾದ್ದು ನಾಲ್ಕು. ಒಂದು, ಆಯಿಲ್ ಅಳತೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ತಣಿದಾಗ ಕಡ್ಡಿ ತೆಗೆದು ನೋಡಿ. ಮೇಲಿನ ಗೀಟು ದಾಟಿ ಆಯಿಲ್ ತುಂಬಿದ್ದರೂ ಹೊಗೆ ಬರುತ್ತದೆ. ಎರಡು, ಏರ್ ಫಿಲ್ಟರ್. ಅದು ಕಟ್ಟಿದ್ದರೆ ಟರ್ಬೊದ ಬಾಯಲ್ಲಿ ಎಳೆತ ಹೆಚ್ಚಾಗಿ ಆಯಿಲನ್ನೇ ಹೀರಿಕೊಳ್ಳುತ್ತದೆ. ಮೂರು, ಬ್ರೀದರ್ ಪೈಪು. ಎಂಜಿನ್ನಿನ ಹೊಟ್ಟೆಯೊಳಗಿನ ಆವಿ ಹೊರಗೆ ಬರುವ ದಾರಿ ಅದು. ಅದು ಕಟ್ಟಿದರೆ ಹೊಟ್ಟೆಯಲ್ಲಿ ಒತ್ತಡ ಏರಿ, ಟರ್ಬೊದಿಂದ ಇಳಿಯಬೇಕಾದ ಆಯಿಲನ್ನು ತಡೆಯುತ್ತದೆ. ನಾಲ್ಕು, ಆಯಿಲ್ ಇಳಿಯುವ ಪೈಪೇ ಕಿಟ್ಟ ಹಿಡಿದು ಅಥವಾ ಬಗ್ಗಿ ಕಟ್ಟಿದೆಯೇ ಎಂದು. ಈ ನಾಲ್ಕನ್ನು ನೋಡದೆ ಟರ್ಬೊ ಕಳಚುವವನು ನಾಡಿ ಹಿಡಿಯದೆ ಮದ್ದು ಬರೆದ ವೈದ್ಯನ ಹಾಗೆ.

ಗಾಳಿ ಪೈಪು ಬಿಚ್ಚಿ "ನೋಡಿ, ಒಳಗೆ ಆಯಿಲ್ ಉಂಟು, ಟರ್ಬೊ ಹೋಯ್ತು" ಎಂದು ತೋರಿಸುವುದು ಸಾಮಾನ್ಯ. ಬ್ರೀದರಿನ ಆವಿ ಅದೇ ಪೈಪಿಗೆ ಸೇರುವ ಎಂಜಿನ್ನುಗಳಲ್ಲಿ ತೆಳು ಪಸೆ ಯಾವಾಗಲೂ ಇರುತ್ತದೆ. ಪಸೆ ಬೇರೆ, ಪೈಪಿನಲ್ಲಿ ಆಯಿಲ್ ಮಡುಗಟ್ಟಿ ನಿಂತಿರುವುದು ಬೇರೆ. ಟರ್ಬೊ ನಿಜವಾಗಿ ಹೋಗಿದೆಯೇ ಎಂದು ನೋಡಲು ತಣಿದ ಎಂಜಿನ್ನಿನಲ್ಲಿ ಪೈಪು ಬಿಚ್ಚಿ ಚಕ್ರವನ್ನು ಬೆರಳಲ್ಲಿ ಹಿಡಿಯಬೇಕು. ಶಾಫ್ಟು ಬದಿಗೆ ಸ್ವಲ್ಪ ಅಲುಗಾಡುವುದು ಸಹಜ, ಆಯಿಲ್ ಪದರಕ್ಕೆ ಜಾಗ ಬೇಕಲ್ಲ. ಹಿಂದೆ ಮುಂದೆ ಎಳೆದಾಡಿದರೆ ಕೈಗೆ ಗೊತ್ತಾಗುವಷ್ಟು ಚಲಿಸಬಾರದು. ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತು, ತುದಿ ಮುರಿದದ್ದು ಕಂಡರೆ ಆಗ ಟರ್ಬೊ ಬದಲಿಸುವುದೇ ಸರಿ. ಆ ಖರ್ಚನ್ನು ಮುಂದೂಡುವುದು ಕೂಡಾ ತಪ್ಪು. ಮುರಿದ ಚೂರು ಎಂಜಿನ್ನಿಗೆ ಹೋದರೆ ಸಣ್ಣ ಬಿಲ್ಲು ದೊಡ್ಡದಾಗುತ್ತದೆ.

ಬಿಳಿ ಹೊಗೆ

ಇದರಲ್ಲಿ ಮೂರು ಬಗೆ. ಧನುರ್ಮಾಸದ ಚಳಿಯಲ್ಲಿ ಬೆಳಿಗ್ಗೆ ಬಂದು, ಎಂಜಿನ್ ಬಿಸಿಯಾದ ಕೂಡಲೇ ಮಾಯವಾಗುವುದು ಬರೀ ನೀರಾವಿ. ಚಿಂತೆ ಬೇಡ.

ಕಣ್ಣುರಿ ತರಿಸುವ, ಹಸಿ ಡೀಸೆಲಿನ ಘಾಟು ಇರುವ ಬಿಳಿ ಹೊಗೆ ಎಂದರೆ ಡೀಸೆಲ್ ಉರಿಯದೆ ಹೊರಗೆ ಬರುತ್ತಿದೆ. ಹೀಟರ್ ಪ್ಲಗ್ ಹೋಗಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು, ಕಂಪ್ರೆಶನ್ ಕಡಿಮೆಯಾಗಿರಬಹುದು.

ಮೂರನೆಯದು ನಿಜಕ್ಕೂ ಹೆದರಬೇಕಾದ್ದು. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಸ್ವಲ್ಪ ಸಿಹಿ ವಾಸನೆ, ಕೂಲೆಂಟ್ ದಿನದಿನಕ್ಕೆ ಕಡಿಮೆ. ಇದು ನೀರು ಎಂಜಿನ್ನಿನೊಳಗೆ ಸೇರುತ್ತಿರುವ ಗುರುತು. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಹೆಡ್ ಬಿರುಕು ಬಿಟ್ಟಿರಬಹುದು, ಇಜಿಆರ್ ಕೂಲರ್ ಸೋರುತ್ತಿರಬಹುದು. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆತ ಕಾಫಿಯ ಬಣ್ಣ ಕಂಡರಂತೂ ಗಾಡಿ ಓಡಿಸುವುದೇ ಬೇಡ, ಎಳೆಸಿಕೊಂಡು ಹೋಗುವುದೇ ಲಾಭ. ನೀರು ತುಂಬಿಸಿ ತುಂಬಿಸಿ ಓಡಿಸುವುದು ನಮ್ಮಲ್ಲಿ ಬಹಳ. ಅದು ಎಂಜಿನ್ನಿಗೆ ಮರಣಶಾಸನ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಕುದಿನೀರು ಮುಖಕ್ಕೆ ಹಾರುತ್ತದೆ.

ಬಿಎಸ್-೬ ಡೀಸೆಲ್ ಗಾಡಿಯವರಿಗೆ ಇನ್ನೊಂದು ಸಂಗತಿ. ಡಿಪಿಎಫ್ ತುಂಬಿದಾಗ ಗಾಡಿ ತಾನಾಗಿ ಅದರ ಮಸಿಯನ್ನು ಸುಡುತ್ತದೆ. ಆಗ ಸೈಲೆನ್ಸರ್ ವಿಪರೀತ ಬಿಸಿ, ಒಂದು ಬಗೆಯ ಸುಟ್ಟ ವಾಸನೆ, ಕೆಲವೊಮ್ಮೆ ತೆಳು ಹೊಗೆ. ಅದು ರೋಗವಲ್ಲ. ಆದರೆ ಆ ಹೊತ್ತಿಗೆ ಗಾಡಿಯನ್ನು ತರಗೆಲೆ, ಬೈಹುಲ್ಲಿನ ಮೇಲೆ ನಿಲ್ಲಿಸಬಾರದು. ಡೇರಿಗೆ ಹಾಲು ಕೊಟ್ಟು ಎರಡು ಕಿಲೋಮೀಟರಿನಲ್ಲಿ ವಾಪಸು ಬರುವ ನಮ್ಮ ಓಡಾಟದಲ್ಲಿ ಈ ಸುಡುವ ಕೆಲಸ ಮುಗಿಯುವುದೇ ಇಲ್ಲ. ಅರ್ಧದಲ್ಲಿ ನಿಂತು ನಿಂತು ಡೀಸೆಲ್ ಆಯಿಲಿಗೆ ಬೆರೆತು ಆಯಿಲ್ ಅಳತೆ ಏರುತ್ತದೆ. ವಾರಕ್ಕೊಮ್ಮೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಬೇಕು. ಅದಾಗದಿದ್ದರೆ ಅಂಥ ಗಾಡಿ ನಮ್ಮಂಥ ಓಡಾಟಕ್ಕೆ ಹೇಳಿದ್ದಲ್ಲ, ಕೊಳ್ಳುವ ಮೊದಲೇ ಯೋಚಿಸಬೇಕು.

ನಮ್ಮ ಗಾಡಿಯಲ್ಲಿ ಆದದ್ದು

ನಮ್ಮದು ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ. ಎರಡು ಮಳೆಗಾಲದ ಹಿಂದೆ ನಿಂತಲ್ಲಿ ಓಡಿಸಿ ರೇಸ್ ಮಾಡಿದರೆ ನೀಲಿ ಹೊಗೆ ಬರಲು ಶುರುವಾಯಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಗಾಳಿ ಪೈಪು ಬಿಚ್ಚಿ ಆಯಿಲ್ ಪಸೆ ತೋರಿಸಿ ಟರ್ಬೊ ಬದಲಿಸಬೇಕೆಂದರು. ಚಕ್ರ ಅಲುಗಾಡಿಸಿ ತೋರಿಸಿ ಎಂದೆ. "ಅದೆಲ್ಲ ಬೇಡ ಸಾರ್, ನಮಗೆ ನೋಡಿದ ಕೂಡ್ಲೆ ಗೊತ್ತಾಗ್ತದೆ" ಎಂದರು. ಗಾಡಿ ವಾಪಸು ತಂದೆ.

ಆಮೇಲೆ ತೋರಿಸಿದ್ದು ಮೊದಲು ಪಂಪುಸೆಟ್ಟು, ಟಿಲ್ಲರ್ ರಿಪೇರಿ ಮಾಡಿಕೊಂಡಿದ್ದ ಹಳೆ ಮೆಕ್ಯಾನಿಕ್ ಒಬ್ಬರಿಗೆ. ಅವರು ಗಾಡಿ ಮುಟ್ಟುವ ಮೊದಲು ಕೇಳಿದ್ದು ಮೂರೇ ಪ್ರಶ್ನೆ: ಹೊಗೆ ಯಾವಾಗ, ಆಯಿಲ್ ಎಷ್ಟು ಕಡಿಮೆಯಾಗ್ತದೆ, ಎಳೆತ ಹೇಗುಂಟು. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿದರು. ಒಳಗಿನಿಂದ ಬುಸುಬುಸು ಗಾಳಿ. "ರಿಂಗು ಸವೆದಿರ್ಬೇಕು, ಇಲ್ಲ ಉಸಿರು ಕಟ್ಟಿರ್ಬೇಕು" ಎಂದು ಬ್ರೀದರ್ ಪೈಪು ತೆಗೆದರು. ಒಳಗೆ ಕಪ್ಪು ಕಿಟ್ಟ, ಕೋಲು ಹಾಕಿದರೂ ಹೋಗದಷ್ಟು. ಅದನ್ನು ತೊಳೆದು, ಏರ್ ಫಿಲ್ಟರ್ ಹೊಸದು ಹಾಕಿ, ಟರ್ಬೊ ಚಕ್ರವನ್ನು ನನ್ನ ಕೈಯಲ್ಲೇ ಹಿಡಿಸಿ ತೋರಿಸಿ ಕಳಿಸಿದರು. ಸೈಲೆನ್ಸರಿನಲ್ಲಿ ನಿಂತ ಹಳೆ ಆಯಿಲ್ ಉರಿದು ಮುಗಿಯಲು ನಾಲ್ಕೈದು ದಿನ ಹಿಡಿಯಿತು. ಆಮೇಲೆ ಹೊಗೆ ಇಲ್ಲ. ಅದೇ ಟರ್ಬೊ ಇವತ್ತಿಗೂ ಓಡುತ್ತಾ ಉಂಟು.

ನೋಡಿದ್ದಕ್ಕೆ ದುಡ್ಡು ಕೊಡೋಣ

ಇಷ್ಟು ಹೇಳಿ ಮೆಕ್ಯಾನಿಕ್ಕುಗಳೆಲ್ಲ ಮೋಸಗಾರರು ಎಂದು ಮುಗಿಸಿದರೆ ಅದು ಅನ್ಯಾಯ. ಇದರಲ್ಲಿ ನಮ್ಮ ಕಡೆಯದೂ ಒಂದು ಸಮಸ್ಯೆ ಉಂಟು.

ಎರಡು ಗಂಟೆ ತಲೆ ಹಾಕಿ, ಪೈಪು ಬಿಚ್ಚಿ, ಸಡಿಲವಾದ ಒಂದು ಕ್ಲಿಪ್ಪು ಹುಡುಕಿ ಬಿಗಿ ಮಾಡಿದವನಿಗೆ ಕೃಷಿಕ ಎಷ್ಟು ಕೊಡುತ್ತಾನೆ? "ಒಂದು ಕ್ಲಿಪ್ಪು ಟೈಟ್ ಮಾಡಿದ್ದಕ್ಕೆ ಇಷ್ಟಾ ಮಾರಾಯ್ರೆ?" ಎನ್ನುವವರೇ ಹೆಚ್ಚು. ಅದೇ ದೊಡ್ಡದೊಂದು ಹೊಸ ಭಾಗ ಹಾಕಿ ದೊಡ್ಡ ಬಿಲ್ಲು ಕೊಟ್ಟರೆ ಮಾತಿಲ್ಲದೆ ಕೊಡುತ್ತೇವೆ. ಕಾರಣ ಹುಡುಕುವ ತಲೆಗೆ ಬೆಲೆ ಇಲ್ಲ, ಕಬ್ಬಿಣಕ್ಕೆ ಉಂಟು ಎಂದಾದರೆ ಅವನು ಕಬ್ಬಿಣವನ್ನೇ ಮಾರುತ್ತಾನೆ. ಮಣ್ಣು ಪರೀಕ್ಷೆಗೆ ದುಡ್ಡು ಕೊಡಲು ಹಿಂದೇಟು ಹಾಕಿ ಗೊಬ್ಬರದ ಮೂಟೆಗೆ ಲೆಕ್ಕವಿಲ್ಲದೆ ಸುರಿಯುವ ಬುದ್ಧಿಯೇ ಇದು.

ಆದ್ದರಿಂದ ನನ್ನ ಸಲಹೆ: ಮೊದಲೇ ಮಾತಾಡಿ. "ಕಾರಣ ಹುಡುಕಿ ತೋರಿಸಿ, ಅದಕ್ಕೆ ಇಷ್ಟು ಕೂಲಿ. ಭಾಗ ಬದಲಿಸುವುದು ಆಮೇಲಿನ ಮಾತು." ಕಂಪ್ರೆಶನ್ ಅಳೆಯದೆ ಎಂಜಿನ್ ಬಿಚ್ಚಲು ಬಿಡಬೇಡಿ. ಅಳೆಯಲು ಸ್ವಲ್ಪ ದುಡ್ಡು ಹೋಗುತ್ತದೆ, ಹೋಗಲಿ. ಬದಲಿಸಿದ ಹಳೆ ಭಾಗವನ್ನು ಕೇಳಿ ತನ್ನಿ. ಟರ್ಬೊ ಹಾಕಿಸಲೇಬೇಕಾದರೆ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದಾಗಿರಲಿ. ಆಯಿಲ್ ಬರುವ, ಇಳಿಯುವ ಎರಡೂ ಪೈಪು ಶುಚಿಯಾಗಿರಲಿ. ಹಳೆ ಟರ್ಬೊ ಯಾಕೆ ಹಾಳಾಯಿತು ಎಂಬುದನ್ನು ಬಿಲ್ಲಿನಲ್ಲಿ ಒಂದು ಸಾಲು ಬರೆದು ಕೊಡಲಿ.

ಫಿಲ್ಟರ್ ತೆಗೆಸುವ ಉಪಾಯ

"ಡಿಪಿಎಫ್ ತೆಗೆದುಬಿಡಿ, ಇಜಿಆರ್ ಮುಚ್ಚಿಬಿಡಿ, ಗಾಡಿ ಹಾರ್ತದೆ" ಎಂದು ಹೇಳುವವರು ಈಗ ಪೇಟೆಯಲ್ಲಿ ಸಿಗುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಕಾನೂನು ಒಪ್ಪುವುದಿಲ್ಲ ಎಂಬುದು ಒಂದು ಮಾತು. ೨೦೧೯ರ ತಿದ್ದುಪಡಿಯ ಮೇಲೆ ಹೊಗೆಯ ನಿಯಮ ಮೀರಿದರೆ ದಂಡ ಹತ್ತು ಸಾವಿರ ರೂಪಾಯಿವರೆಗೂ ಹೋಗಬಹುದು. ಅದಕ್ಕಿಂತ ದೊಡ್ಡ ಮಾತು, ಆ ಮಸಿ ಬೀಳುವುದು ನಮ್ಮ ಅಂಗಳದಲ್ಲೇ. ಗಾಡಿ ಬಿಸಿ ಮಾಡುತ್ತಾ ನಿಲ್ಲಿಸಿದಾಗ ಹಿಂದೆ ಆಡುತ್ತಿರುವುದು ನಮ್ಮ ಮಕ್ಕಳೇ. ಡೀಸೆಲ್ ಹೊಗೆಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ೨೦೧೨ರಲ್ಲೇ ಹೇಳಿಯಾಗಿದೆ. ತೋಟಕ್ಕೆ ವಿಷ ಬೇಡ ಎನ್ನುವ ನಾವು ಅಂಗಳಕ್ಕೆ ಮಸಿ ತಂದು ಹಾಕುವುದು ಯಾವ ನ್ಯಾಯ?

ಇನ್ನೊಂದು ಭ್ರಮೆ ಹೊಗೆ ತಪಾಸಣೆಯ ಸರ್ಟಿಫಿಕೇಟಿನದ್ದು. ಡೀಸೆಲ್ ಗಾಡಿಯನ್ನು ಅಲ್ಲಿ ಪರೀಕ್ಷಿಸುವುದು ನಿಂತಲ್ಲೇ ರೇಸ್ ಮಾಡಿ. ಭಾರ ಹೊತ್ತು ಏರು ಹತ್ತುವಾಗ ಮಾತ್ರ ಕಾಣುವ ದೋಷ ಅಲ್ಲಿ ಕಾಣದೇ ಹೋಗಬಹುದು. ಸರ್ಟಿಫಿಕೇಟು ಇರಲಿ, ಕಣ್ಣೂ ತೆರೆದಿರಲಿ.

ಕೀಲಿ ತೆಗೆದರೂ ಎಂಜಿನ್ ನಿಲ್ಲದಿದ್ದರೆ

ಅಪರೂಪ, ಆದರೆ ತಿಳಿದಿರಬೇಕು. ಟರ್ಬೊದಿಂದ ಆಯಿಲ್ ಧಾರಾಳವಾಗಿ ಎಂಜಿನ್ನಿಗೆ ನುಗ್ಗಿದರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡಲು ತೊಡಗುತ್ತದೆ. ದಟ್ಟ ಹೊಗೆ, ಏರುತ್ತಲೇ ಹೋಗುವ ಶಬ್ದ, ಕೀಲಿ ತೆಗೆದರೂ ನಿಲ್ಲದು. ಕೈಗೇರ್ ಇರುವ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ತುಳಿದು, ಮೇಲಿನ ಗೇರ್ ಹಾಕಿ, ಕ್ಲಚ್ ಬಿಟ್ಟು ಎಂಜಿನ್ ಕಟ್ಟಿ ನಿಲ್ಲಿಸಬೇಕು. ಮುಂದೆ ಹಿಂದೆ ಜನ ಇರಬಾರದು. ಅದಾಗದಿದ್ದರೆ ಎಲ್ಲರೂ ಇಳಿದು ದೂರ ಹೋಗಬೇಕು. ಗಾಳಿಯ ಬಾಯಿಗೆ ಕೈ ಅಡ್ಡ ಇಡುವುದು ಎಂದಿಗೂ ಬೇಡ. ನೀಲಿ ಹೊಗೆಯನ್ನು "ಹಳೆ ಗಾಡಿ ಅಲ್ವಾ" ಎಂದು ವರ್ಷಗಟ್ಟಲೆ ಬಿಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಕೈಯಲ್ಲಿರುವುದು

ಟರ್ಬೊ ಬಾಳಿಕೆ ಬರಲು ಬೇಕಾದ್ದು ದೊಡ್ಡ ಖರ್ಚಲ್ಲ. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್, ಹೇಳಿದ ಅವಧಿಗೆ ಮೊದಲೇ ಬದಲಾವಣೆ. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡದೆ, ಆಯಿಲ್ ಟರ್ಬೊಕ್ಕೆ ತಲುಪಲು ಅರ್ಧ ನಿಮಿಷ ಬಿಡುವುದು. ಚಾರ್ಮಾಡಿಯೋ ಆಗುಂಬೆಯೋ ಹತ್ತಿ ಮೇಲೆ ನಿಲ್ಲಿಸುವಾಗ ಕೂಡಲೇ ಕೀಲಿ ತೆಗೆಯದೆ ಒಂದು ನಿಮಿಷ ನಿಧಾನಕ್ಕೆ ಓಡಲು ಬಿಡುವುದು. ಕಾದ ಟರ್ಬೊದಲ್ಲಿ ಆಯಿಲ್ ನಿಂತರೆ ಬಾಣಲೆ ತಳದ ಎಣ್ಣೆಯ ಹಾಗೆ ಕರಟಿ ದಾರಿ ಕಟ್ಟುತ್ತದೆ. ಫಿಲ್ಟರ್ ಇಲ್ಲದೆ ಒಂದು ದಿನವೂ ಓಡಿಸಬಾರದು. ಆ ವೇಗದ ಚಕ್ರಕ್ಕೆ ಧೂಳು ಎಂದರೆ ಅರದ ಹಾಗೆ.

ಒಬ್ಬೊಬ್ಬರೇ ಗ್ಯಾರೇಜಿನಲ್ಲಿ ವಾದ ಮಾಡುವುದಕ್ಕಿಂತ ಊರಿನವರು ಸೇರಿ ಮಾಡಬಹುದಾದ್ದೂ ಉಂಟು. ನಮ್ಮ ಸಹಕಾರಿ ಸಂಘಗಳು ಕೊಳೆರೋಗ, ಗೊಬ್ಬರದ ಬಗ್ಗೆ ಮಾಹಿತಿ ಸಭೆ ಮಾಡುತ್ತವೆ. ವರ್ಷಕ್ಕೊಂದು ದಿನ ಒಬ್ಬ ಒಳ್ಳೆ ಮೆಕ್ಯಾನಿಕ್ಕನ್ನು ಕರೆಸಿ ಸಂಘದ ಅಂಗಳದಲ್ಲಿ ಹತ್ತು ಗಾಡಿಗಳ ಹೊಗೆ ನೋಡಿ ಹೇಳಿಸಿದರೆ ಹೇಗೆ? ಅವರಿಗೆ ತಕ್ಕ ಸಂಭಾವನೆ ಕೊಡೋಣ. ಐಟಿಐ ಓದಿ ಕೆಲಸ ಹುಡುಕುವ ಊರ ಹುಡುಗರೂ ಬಂದು ನಿಲ್ಲಲಿ. ಒಂದು ಸ್ಕ್ಯಾನರ್, ಒಂದು ಕಂಪ್ರೆಶನ್ ಅಳೆಯುವ ಗೇಜನ್ನು ಸಂಘವೇ ಕೊಂಡಿಟ್ಟರೂ ನಷ್ಟವಿಲ್ಲ. ಒಂದು ಟರ್ಬೊ ವ್ಯರ್ಥವಾಗಿ ಬದಲಾಗುವುದು ತಪ್ಪಿದರೂ ಸಾಕು, ಒಂದು ಮನೆಯ ದುಡ್ಡು ಉಳಿಯಿತು.

ಹೀಗೆ ಹೊಗೆಗೆ ಹೆದರಿ ದುಡ್ಡು ಕಳೆದವರು, ಸಣ್ಣ ಕಾರಣ ಹುಡುಕಿ ಉಳಿಸಿಕೊಂಡವರು ಓದುಗರಲ್ಲಿ ಖಂಡಿತ ಇದ್ದಾರೆ. ಬಣ್ಣ, ಹೊತ್ತು, ಕೊನೆಗೆ ಸಿಕ್ಕಿದ ಕಾರಣ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಕಳಿಸಿ. ಒಂದು ಗಾಡಿಯ ರೋಗ ಇನ್ನೊಂದು ಗಾಡಿಗೆ ಮದ್ದಾದೀತು.